ವಿಜ್ಞಾನ ಪಾಠಕ್ಕೆ ಉಚಿತ ಆನ್‌ಲೈನ್ ಸಾಮಗ್ರಿಗಳನ್ನು ಕ್ಲಾಸಿನಲ್ಲಿ ಹೇಗೆ ಬಳಸುವುದು?

ಎಂಟನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೀರಿ, ಲ್ಯಾಬ್ ಅನ್ನುವಂಥದ್ದು ಇಲ್ಲ, ಒಂದು ಪ್ರೊಜೆಕ್ಟರ್ ಇದೆ, ನೆಟ್ ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಅಂತ ಬರೆದಿದ್ದೀರಿ. ಪುಕ್ಕಟೆ ಸಿಗುವುದು ರಾಶಿ ರಾಶಿ ಇದೆ, ಅದರಲ್ಲಿ ಯಾವುದನ್ನು ಆರಿಸಲಿ, ಹೇಗೆ ಬಳಸಲಿ, ಮುಂದಿನ ಪಾಠವಾದ ಶಬ್ದಕ್ಕೆ ಏನಾದರೂ ಇದೆಯಾ ಅನ್ನುವುದು ನಿಮ್ಮ ಪ್ರಶ್ನೆ.

ನಾನೂ ಹಲವು ವರ್ಷಗಳಿಂದ ಇದೇ ವಯಸ್ಸಿನ ಮಕ್ಕಳಿಗೆ ಇದೇ ವಿಷಯ ಹೇಳಿಕೊಡುತ್ತಿದ್ದೇನೆ. ಯಾವುದನ್ನು ತೋರಿಸಬೇಕು ಅನ್ನುವುದಕ್ಕಿಂತ, ತೋರಿಸುವ ಮೊದಲು ಏನು ಕೇಳಬೇಕು ಅನ್ನುವುದು ದೊಡ್ಡ ವಿಷಯ. ಇದು ನನಗೆ ಗೊತ್ತಾಗಲು ಒಂದು ವರ್ಷವೇ ಹಿಡಿಯಿತು.

ಆ ವರ್ಷ ವಿದ್ಯುತ್ ಪಾಠಕ್ಕೆ ಇಪ್ಪತ್ತು ನಿಮಿಷದ ಒಂದು ವಿಡಿಯೋ ಹಾಕಿದ್ದೆ. ಚಂದದ ವಿಡಿಯೋ, ಒಂದೂ ತಪ್ಪಿರಲಿಲ್ಲ. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ನನಗೂ ಖುಷಿಯಾಯಿತು. ಒಂದು ವಾರ ಬಿಟ್ಟು ಬೋರ್ಡ್ ಮೇಲೆ ಒಂದು ಬ್ಯಾಟರಿ, ಒಂದರ ಹಿಂದೆ ಒಂದು ಎರಡು ಬಲ್ಬ್ ಬರೆದು, "ಯಾವ ಬಲ್ಬಿಗೆ ಜಾಸ್ತಿ ಕರೆಂಟ್ ಸಿಗುತ್ತದೆ?" ಅಂತ ಕೇಳಿದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು "ಮೊದಲನೇದಕ್ಕೆ" ಅಂದರು. ಮೊದಲ ಬಲ್ಬ್ ಸ್ವಲ್ಪ ಕರೆಂಟ್ ತಿಂದುಬಿಡುತ್ತದೆ, ಉಳಿದದ್ದು ಎರಡನೆಯದಕ್ಕೆ ಹೋಗುತ್ತದೆ ಅನ್ನುವುದು ಅವರ ಲೆಕ್ಕ. ಹಾಗಾಗುವುದಿಲ್ಲ ಅಂತ ವಿಡಿಯೋದಲ್ಲೇ ಬಿಡಿಸಿ ಹೇಳಿದ್ದರು. ಆದರೆ ಮಕ್ಕಳ ತಲೆಯಲ್ಲಿ ಮೊದಲೇ ಕೂತಿದ್ದ ಲೆಕ್ಕವನ್ನು ಯಾರೂ ಹೊರಗೆ ತೆಗೆದು ನೋಡಿರಲಿಲ್ಲ. ನಾನು ಕೇಳಿರಲೇ ಇಲ್ಲ.

ಮರುವರ್ಷ ಅದೇ ಪಾಠಕ್ಕೆ ಫೆಟ್ (PhET) ಸಿಮ್ಯುಲೇಶನ್ ಬಳಸಿದೆ, ಅಂದರೆ ಕಂಪ್ಯೂಟರ್ ಪರದೆಯ ಮೇಲೆ ಮಾಡುವ ಪ್ರಯೋಗ. ಇದನ್ನು ಶುರು ಮಾಡಿದವರು ಕಾರ್ಲ್ ವೀಮನ್. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಮರುವರ್ಷ, 2002ರಲ್ಲಿ, ಅಮೆರಿಕದ ಕೊಲೊರಾಡೊ ಬೋಲ್ಡರ್ ವಿಶ್ವವಿದ್ಯಾಲಯದಲ್ಲಿ ಈ ಕೆಲಸ ಶುರುವಾಯಿತು. ಬಹುಮಾನದ ಹಣದಲ್ಲಿ ಒಂದಿಷ್ಟನ್ನು ಅವರು ಇದಕ್ಕೇ ಹಾಕಿದರು. ಇವತ್ತು ಭೌತ, ರಸಾಯನ, ಗಣಿತ, ಜೀವಶಾಸ್ತ್ರಕ್ಕೆ ಬೇಕಾದಷ್ಟು ಸಿಮ್ಯುಲೇಶನ್‌ಗಳಿವೆ, ಎಲ್ಲವೂ ಉಚಿತ, ಕೆಲವು ಕನ್ನಡದಲ್ಲೂ ಸಿಗುತ್ತವೆ.

ಅದರಲ್ಲಿ ಸರ್ಕ್ಯೂಟ್ ಜೋಡಿಸುವ ಒಂದು ಸಿಮ್ಯುಲೇಶನ್ ಇದೆ. ಬ್ಯಾಟರಿ, ಬಲ್ಬ್, ವೈರ್, ಸ್ವಿಚ್ ಎಲ್ಲವನ್ನೂ ಎಳೆದು ತಂದು ಜೋಡಿಸಬಹುದು. ವೈರಿನೊಳಗೆ ಎಲೆಕ್ಟ್ರಾನ್‌ಗಳು ಚುಕ್ಕಿಗಳಾಗಿ ಓಡುವುದು ಕಾಣುತ್ತದೆ. ನಾನು ಎರಡು ಒಂದೇ ತರಹದ ಬಲ್ಬ್ ಜೋಡಿಸಿ, ಸ್ವಿಚ್ ತೆರೆದೇ ಇಟ್ಟೆ. ಮೂರು ಕಡೆ ಕರೆಂಟ್ ಅಳೆಯುವ ಅಮ್ಮೀಟರ್ ಹಾಕಿದೆ: ಮೊದಲ ಬಲ್ಬಿನ ಮುಂಚೆ, ಎರಡರ ನಡುವೆ, ಎರಡನೆಯದರ ನಂತರ. "ಸ್ವಿಚ್ ಒತ್ತಿದರೆ ಮೂರೂ ಕಡೆ ಎಷ್ಟೆಷ್ಟು ತೋರಿಸುತ್ತದೆ, ಜಾಸ್ತಿ ಎಲ್ಲಿ, ಕಡಿಮೆ ಎಲ್ಲಿ, ನೋಟ್‌ಬುಕ್ಕಲ್ಲಿ ಬರೆಯಿರಿ. ಯಾಕೆ ಅಂತಲೂ ಒಂದು ಸಾಲು ಬರೆಯಿರಿ" ಅಂದೆ. ಆಮೇಲೆ ಪಕ್ಕದವರ ಜೊತೆ ಎರಡು ನಿಮಿಷ ವಾದ ಮಾಡಲು ಬಿಟ್ಟೆ. ಆಮೇಲೆ ಸ್ವಿಚ್ ಒತ್ತಿದೆ.

ಮೂರೂ ಕಡೆ ಒಂದೇ ಅಂಕಿ. ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಕೇಳಿದಳು, "ಕರೆಂಟ್ ಅಷ್ಟೇ ವಾಪಸ್ ಹೋಗುತ್ತೆ ಅಂದ್ರೆ, ಬಲ್ಬ್ ಉರಿಯೋಕೆ ಏನನ್ನ ತಗೊಳ್ತು?" ಇಡೀ ಪಾಠ ಈ ಒಂದು ಪ್ರಶ್ನೆಯಲ್ಲಿದೆ, ಅಲ್ವಾ? ಅಲ್ಲಿಂದ ಶಕ್ತಿ ಅಂದರೇನು, ವೋಲ್ಟೇಜ್ ಯಾಕೆ ಬೇಕು ಅನ್ನುವುದಕ್ಕೆ ಹೋಗಲು ನಾನು ಏನೂ ಒದ್ದಾಡಬೇಕಾಗಲಿಲ್ಲ. ಅವರೇ ಎಳೆದುಕೊಂಡು ಹೋದರು. ಬ್ಯಾಟರಿಯ ಎರಡು ತುದಿಗೆ ನೇರ ವೈರ್ ಹಾಕಿದರೆ ಅದರಲ್ಲಿ ಬೆಂಕಿ ಹತ್ತಿದಂತೆ ತೋರಿಸುತ್ತದೆ. ಶಾರ್ಟ್ ಸರ್ಕ್ಯೂಟ್ ಅಂದರೇನು ಅಂತ ಅಪಾಯವಿಲ್ಲದೆ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಆದರೆ ಅಲ್ಲೇ ಒಂದು ಎಚ್ಚರ ಬೇಕು. ಆ ಚುಕ್ಕಿಗಳು ಸರಸರ ಓಡುವುದನ್ನು ನೋಡಿ, ನಿಜವಾದ ವೈರಿನಲ್ಲೂ ಎಲೆಕ್ಟ್ರಾನ್‌ಗಳು ಹೀಗೇ ಓಡುತ್ತವೆ ಅಂತ ಮಕ್ಕಳು ನಂಬುತ್ತಾರೆ. ಮಾಮೂಲಿ ತಾಮ್ರದ ವೈರಿನಲ್ಲಿ ಅವು ಮುಂದಕ್ಕೆ ಸರಿಯುವುದು ಸೆಕೆಂಡಿಗೆ ಒಂದು ಮಿಲಿಮೀಟರ್‌ಗಿಂತಲೂ ಕಡಿಮೆ. ಸ್ವಿಚ್ ಹಾಕಿದ ಕೂಡಲೇ ದೀಪ ಹತ್ತುವುದು ವೈರಿನ ಉದ್ದಕ್ಕೂ ಎಲೆಕ್ಟ್ರಾನ್‌ಗಳು ಮೊದಲೇ ತುಂಬಿರುವುದರಿಂದ, ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಸರಿಯಲು ಶುರು ಮಾಡುವುದರಿಂದ. ಇದನ್ನು ನೀವು ಬಾಯಿಬಿಟ್ಟು ಹೇಳಬೇಕು. ಸಿಮ್ಯುಲೇಶನ್ ಆಗಲಿ, ಆನಿಮೇಶನ್ ಆಗಲಿ, ಎಲ್ಲೋ ಒಂದು ಕಡೆ ಸುಲಭ ಮಾಡಲು ನಿಜವನ್ನು ಸ್ವಲ್ಪ ಬಗ್ಗಿಸಿರುತ್ತದೆ. "ಇದರಲ್ಲಿ ಯಾವುದು ನಿಜದ ಹಾಗಿಲ್ಲ?" ಅಂತ ಕೊನೆಯಲ್ಲಿ ಕೇಳುವುದನ್ನು ನಾನು ಈಗ ರೂಢಿ ಮಾಡಿಕೊಂಡಿದ್ದೇನೆ. ಮಕ್ಕಳು ಇದನ್ನು ಬಹಳ ಇಷ್ಟಪಟ್ಟು ಹುಡುಕುತ್ತಾರೆ.

ಇನ್ನು ಆರಿಸುವ ವಿಷಯ. ಕೈಯಲ್ಲಿ ಮಾಡಬಹುದಾದದ್ದನ್ನು ಪರದೆಯ ಮೇಲೆ ತೋರಿಸಬೇಡಿ. ಇದರಲ್ಲಿ ನಾನು ಸ್ವಲ್ಪ ಹಟಮಾರಿ. ಲೋಲಕದ ಪಾಠಕ್ಕೆ ದಾರ, ಕಲ್ಲು, ಗಡಿಯಾರ ಸಾಕು. 25 ಸೆಂಟಿಮೀಟರ್ ದಾರಕ್ಕೆ ಒಂದು ಪೂರ್ತಿ ತೂಗಾಟಕ್ಕೆ ಸುಮಾರು ಒಂದು ಸೆಕೆಂಡ್, ಒಂದು ಮೀಟರ್ ದಾರಕ್ಕೆ ಸುಮಾರು ಎರಡು ಸೆಕೆಂಡ್. ದಾರ ನಾಲ್ಕು ಪಟ್ಟಾದರೆ ಸಮಯ ಎರಡೇ ಪಟ್ಟು. ಭಾರದ ಕಲ್ಲು ಕಟ್ಟಿದರೂ ಸಮಯ ಬದಲಾಗುವುದಿಲ್ಲ ಅನ್ನುವುದನ್ನು ಮಕ್ಕಳು ತಾವೇ ಎಣಿಸಿ ನೋಡಬೇಕು. ಎಣಿಕೆ ತಪ್ಪಬೇಕು, ಮತ್ತೆ ಎಣಿಸಬೇಕು. ಅದಾದ ಮೇಲೆ ಫೆಟ್‌ನ ಲೋಲಕ ತೆರೆಯಿರಿ. ಅಲ್ಲಿ ಗುರುತ್ವವನ್ನೇ ಬದಲಿಸಬಹುದು. ಚಂದ್ರನ ಮೇಲೆ ಅದೇ ಒಂದು ಮೀಟರ್ ಲೋಲಕಕ್ಕೆ ಸುಮಾರು ಐದು ಸೆಕೆಂಡ್ ಬೇಕು. ಹೆಸರಿಲ್ಲದ ಒಂದು ಗ್ರಹವೂ ಅದರಲ್ಲಿದೆ, ಅಲ್ಲಿನ ಗುರುತ್ವ ಎಷ್ಟು ಅಂತ ಮಕ್ಕಳೇ ಪತ್ತೆ ಮಾಡಬೇಕು. ಇಂಥದ್ದಕ್ಕೆ ಪರದೆ ಬೇಕೇ ಬೇಕು. ಕೈಗೆ ಎಟುಕದ್ದು, ಕಣ್ಣಿಗೆ ಕಾಣದಷ್ಟು ಚಿಕ್ಕದು, ತಿಂಗಳುಗಟ್ಟಲೆ ನಡೆಯುವಂಥದ್ದು, ಅಪಾಯದ್ದು. ಉಳಿದದ್ದೆಲ್ಲ ಕೈಯಲ್ಲೇ ಆಗಲಿ. ಕೈಯಲ್ಲಿ ಮಾಡುವುದಕ್ಕೆ ಐಡಿಯಾ ಬೇಕಾದರೆ ಅರವಿಂದ ಗುಪ್ತ ಅವರ ವೆಬ್‌ಸೈಟ್ ನೋಡಿ. ಬಿಸಾಡುವ ವಸ್ತುಗಳಿಂದ ಮಾಡುವ ವಿಜ್ಞಾನದ ಆಟಿಕೆಗಳು, ಚಿಕ್ಕ ವಿಡಿಯೋಗಳು, ಪುಸ್ತಕಗಳು, ಎಲ್ಲವನ್ನೂ ಅವರು ಎಲ್ಲರಿಗೂ ಬಿಟ್ಟಿದ್ದಾರೆ.

ವಿಡಿಯೋ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಚಿಕ್ಕದಿರಲಿ, ಒಂದೇ ವಿಷಯದ್ದಿರಲಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ನಿಮಿಷಕ್ಕೂ ಕಡಿಮೆ. 1971ರ ಆಗಸ್ಟ್‌ನಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಹಕ್ಕಿಯ ಗರಿ ಹಿಡಿದು ಒಟ್ಟಿಗೇ ಬಿಡುತ್ತಾರೆ. ನಾಸಾದ ಸೈಟಿನಲ್ಲೇ ಸಿಗುತ್ತದೆ. ಹಾಕುವ ಮೊದಲು ಕ್ಲಾಸಿನಲ್ಲಿ ಒಂದು ಪುಸ್ತಕ, ಒಂದು ಹಾಳೆ ಒಟ್ಟಿಗೆ ಬೀಳಿಸಿ. ಆಮೇಲೆ ಪುಸ್ತಕಕ್ಕಿಂತ ಚಿಕ್ಕದಾದ ಹಾಳೆಯನ್ನು ಪುಸ್ತಕದ ಮೇಲೇ ಇಟ್ಟು ಬೀಳಿಸಿ. ಎರಡೂ ಜೊತೆಗೇ ಬೀಳುತ್ತವೆ. ಯಾಕೆ ಅಂತ ವಾದ ಬಿಸಿಯಾದಾಗ ವಿಡಿಯೋ ಹಾಕಿ, ಕೈ ಬಿಡುವ ಕ್ಷಣದ ಮೊದಲು ನಿಲ್ಲಿಸಿ. ಊಹೆ ಬರೆದ ಮೇಲೆ ಮುಂದುವರಿಸಿ. ಚಿತ್ರ ಮಸುಕಾಗಿದೆ, ಆದರೂ ಪ್ರತಿ ವರ್ಷ ಮಕ್ಕಳು ಇನ್ನೊಂದು ಸಲ ಹಾಕಿ ಅಂತಾರೆ.

ತಿಂಗಳುಗಟ್ಟಲೆ ನಡೆಯುವುದಕ್ಕೆ ಸ್ಟೆಲೇರಿಯಂ ಇದೆ. ಆಕಾಶವನ್ನು ಹಾಗೇ ತೋರಿಸುವ ಉಚಿತ ಸಾಫ್ಟ್‌ವೇರ್. ಚಂದ್ರ ದಿನದಿನಕ್ಕೆ ತುಂಬುವುದು, ಕರಗುವುದು ಯಾಕೆ ಅಂತ ಮಕ್ಕಳನ್ನು ಕೇಳಿ ನೋಡಿ, ಭೂಮಿಯ ನೆರಳು ಬಿದ್ದು ಚಂದ್ರ ಕರಗುತ್ತಾನೆ ಅನ್ನುವವರೇ ಜಾಸ್ತಿ. ಅಮಾವಾಸ್ಯೆಯಾದ ಮೂರನೇ ದಿನದಿಂದ ಎರಡು ವಾರ, ದಿನಾ ಸಂಜೆ ಒಂದೇ ಹೊತ್ತಿಗೆ ಚಂದ್ರನನ್ನು ನೋಡಿ ಚಿತ್ರ ಬರೆಯಲು ಹೇಳಿ. ಸೂರ್ಯ ಮುಳುಗಿದ ಕಡೆಯಿಂದ ಎಷ್ಟು ದೂರದಲ್ಲಿದ್ದಾನೆ ಅಂತಲೂ ಗುರುತು ಹಾಕಲಿ. ದೂರ ಹೋದ ಹಾಗೆಲ್ಲ ಚಂದ್ರ ತುಂಬುತ್ತಾ ಬರುವುದು ಅವರದೇ ಚಿತ್ರಗಳಲ್ಲಿ ಕಾಣುತ್ತದೆ. ಆಮೇಲೆ ಸ್ಟೆಲೇರಿಯಂನಲ್ಲಿ ಅದೇ ದಿನಾಂಕಗಳನ್ನು ಹಾಕಿ ಒಂದೊಂದೇ ದಿನ ಮುಂದಕ್ಕೆ ಓಡಿಸಿ, ಅವರ ನೋಟ್‌ಬುಕ್ ಜೊತೆ ಹೋಲಿಸಿ. ಮೋಡದಿಂದ ತಪ್ಪಿಹೋದ ದಿನಗಳನ್ನೂ ತುಂಬಿಸಿಕೊಳ್ಳಬಹುದು. ಕಂಪ್ಯೂಟರ್ ತೋರಿಸಿದ್ದು ತಾವು ಕಂಡದ್ದಕ್ಕೆ ಸರಿಹೊಂದಿದಾಗ ಅವರ ಮುಖ ನೋಡಬೇಕು.

ನೆಟ್ ಬಗ್ಗೆ ಹೇಳಿದಿರಿ. ಕ್ಲಾಸಿನಲ್ಲಿ ನೆಟ್ ಇರುತ್ತದೆ ಅಂತ ನಂಬಿ ಯಾವತ್ತೂ ಹೋಗಬೇಡಿ. ಫೆಟ್‌ನ ಹೊಸ ಸಿಮ್ಯುಲೇಶನ್‌ಗಳು ಒಂದೊಂದು ಫೈಲ್ ಅಷ್ಟೇ, ಇಳಿಸಿಕೊಂಡರೆ ಬ್ರೌಸರ್‌ನಲ್ಲಿ ನೆಟ್ ಇಲ್ಲದೆಯೂ ತೆರೆಯುತ್ತವೆ. ಸ್ಟೆಲೇರಿಯಂ ಕೂಡ ಕಂಪ್ಯೂಟರ್‌ಗೆ ಹಾಕಿಕೊಂಡರೆ ನೆಟ್ ಕೇಳುವುದಿಲ್ಲ. ಕಿವಿಕ್ಸ್ ಅನ್ನುವ ಆ್ಯಪ್‌ನಲ್ಲಿ ವಿಕಿಪೀಡಿಯವನ್ನೇ ಇಳಿಸಿಟ್ಟುಕೊಳ್ಳಬಹುದು. ಹಳೆಯ ಪಾಠ ಯೋಜನೆಗಳಲ್ಲಿ ಸಿಗುವ ಎಷ್ಟೋ ಲಿಂಕ್‌ಗಳು ಫ್ಲ್ಯಾಶ್ ಅನ್ನುವ ಹಳೆಯ ಸಾಫ್ಟ್‌ವೇರ್‌ನಲ್ಲಿ ಮಾಡಿದಂಥವು. 2020ರ ಕೊನೆಗೆ ಫ್ಲ್ಯಾಶ್ ನಿಂತುಹೋಯಿತು, ಅವನ್ನು ನಂಬಿ ಕೂರಬೇಡಿ. ಹಿಂದಿನ ದಿನ ಅದೇ ಕಂಪ್ಯೂಟರ್‌ನಲ್ಲಿ ಒಮ್ಮೆ ಪೂರ್ತಿ ಓಡಿಸಿ ನೋಡಿ. ನೋಡಲು ಉಚಿತ ಅಂದ ಮಾತ್ರಕ್ಕೆ ನಕಲು ಮಾಡಿ ಹಂಚಬಹುದು ಅಂತ ಅರ್ಥವಲ್ಲ. ಕ್ರಿಯೇಟಿವ್ ಕಾಮನ್ಸ್ (ಷರತ್ತಿನ ಮೇಲೆ ಹಂಚಲು ಬಿಡುವ ಪರವಾನಗಿ) ಅಂತ ಬರೆದಿದ್ದರೆ ಷರತ್ತು ಓದಿ, ಮಾಡಿದವರ ಹೆಸರು ಹಾಕಿ ಬಳಸಿ.

ಈಗ ನಿಮ್ಮ ಶಬ್ದದ ಪಾಠ. ಮೇಜಿನ ಅಂಚಿಗೆ ಒತ್ತಿಹಿಡಿದ ಸ್ಕೇಲ್, ರಬ್ಬರ್ ಬ್ಯಾಂಡ್, ದಾರದ ಫೋನ್, ಇವೆಲ್ಲ ಮಕ್ಕಳ ಕೈಯಲ್ಲೇ ಆಗಲಿ. ಗಾಳಿ ತೆಗೆದ ಗಾಜಿನ ಜಾಡಿಯಲ್ಲಿ ಗಂಟೆಯ ಸದ್ದು ಕ್ಷೀಣಿಸುವುದನ್ನು ಮಾತ್ರ ವಿಡಿಯೋದಲ್ಲಿ ತೋರಿಸಿ, ಅದಕ್ಕೆ ಪಂಪ್ ಬೇಕು. ಫೆಟ್‌ನ ಅಲೆಗಳ ಸಿಮ್ಯುಲೇಶನ್‌ನಲ್ಲಿ ಗಾಳಿಯ ಕಣಗಳನ್ನು ತೋರಿಸುವ ಆಯ್ಕೆ ಇದೆ. ಒಬ್ಬ ಹುಡುಗನನ್ನು ಕರೆದು ಪರದೆಯ ಮೇಲೆ ಒಂದು ಕಣದ ಮೇಲೆ ಬೆರಳಿಡಲು ಹೇಳಿ. ಅಲೆ ದಾಟಿ ಹೋಗುತ್ತದೆ, ಕಣ ಮಾತ್ರ ಹಿಂದೆ ಮುಂದೆ ಅಲುಗಾಡಿ ಅಲ್ಲೇ ಉಳಿಯುತ್ತದೆ. "ನನ್ನ ಮಾತು ನಿಮ್ಮ ಕಿವಿಗೆ ಬಂತು, ನನ್ನ ಬಾಯಿಯ ಗಾಳಿ ಬಂತಾ?" ಅಂತ ಆಗ ಕೇಳಿ.

ಶಬ್ದದ ವೇಗ ಅಳೆಯಲು ಫೈಫಾಕ್ಸ್ (phyphox) ಇದೆ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರ ಉಚಿತ ಆ್ಯಪ್. ಫೋನಿನೊಳಗಿನ ಸೆನ್ಸರ್‌ಗಳನ್ನೇ ಅಳತೆಯ ಉಪಕರಣ ಮಾಡಿಕೊಡುತ್ತದೆ. ಅದರಲ್ಲಿ ಸದ್ದಿನಿಂದ ಶುರುವಾಗಿ ಸದ್ದಿನಿಂದ ನಿಲ್ಲುವ ಸ್ಟಾಪ್‌ವಾಚ್ ಇದೆ. ಎರಡು ಫೋನ್ ಬೇಕು, ನಿಮ್ಮದೊಂದು, ಸಹೋದ್ಯೋಗಿಯದೊಂದು. ಬಯಲಿನಲ್ಲಿ ಎರಡನ್ನೂ 10 ಮೀಟರ್ ದೂರದಲ್ಲಿಟ್ಟು ಎರಡರಲ್ಲೂ ಆ ಸ್ಟಾಪ್‌ವಾಚ್ ತೆರೆಯಿರಿ. ಮೊದಲ ಫೋನಿನ ಪಕ್ಕ ನಿಂತ ಹುಡುಗ ಚಪ್ಪಾಳೆ ತಟ್ಟುತ್ತಾನೆ. ಅವನ ಫೋನ್ ಕೂಡಲೇ ಶುರು, ದೂರದ್ದು ಸ್ವಲ್ಪ ತಡವಾಗಿ ಶುರು. ಆಮೇಲೆ ಎರಡನೇ ಫೋನಿನ ಪಕ್ಕದ ಹುಡುಗಿ ತಟ್ಟುತ್ತಾಳೆ. ಅವಳದು ಕೂಡಲೇ ನಿಲ್ಲುತ್ತದೆ, ಮೊದಲನೆಯದು ತಡವಾಗಿ. ಎರಡು ಸಮಯಗಳ ವ್ಯತ್ಯಾಸ ಅಂದರೆ ಸದ್ದು ಹೋಗಿ ಬರಲು, ಒಟ್ಟು 20 ಮೀಟರ್‌ಗೆ, ಬೇಕಾದ ಸಮಯ. ಅದು ಸುಮಾರು 0.058 ಸೆಕೆಂಡ್ ಬರಬೇಕು. 20ನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 345 ಮೀಟರ್ ಆಸುಪಾಸು. ಪುಸ್ತಕದಲ್ಲಿ ಬಾಯಿಪಾಠ ಮಾಡುವ ಅಂಕಿ ಹೀಗೆ ಚಪ್ಪಾಳೆಯಿಂದ ಹುಟ್ಟುವುದನ್ನು ನೋಡಿದರೆ ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ.

ಗದ್ದಲವಿಲ್ಲದ ಹೊತ್ತು ನೋಡಿಕೊಳ್ಳಿ. ಎಷ್ಟು ಸದ್ದಿಗೆ ಶುರುವಾಗಬೇಕು ಅನ್ನುವ ಮಿತಿಯನ್ನು ಆ್ಯಪ್‌ನಲ್ಲೇ ಹೊಂದಿಸಬಹುದು, ಸುಮ್ನೆ ಮಾತಾಡಿದ್ದಕ್ಕೆಲ್ಲ ಶುರುವಾದರೆ ಅದನ್ನು ಏರಿಸಿ. ಒಂದೇ ಚಪ್ಪಾಳೆಗೆ ಶುರುವೂ ಆಗಿ ನಿಂತೂ ಹೋದರೆ, ಕನಿಷ್ಠ ಅಂತರ ಅನ್ನುವ ಸಂಖ್ಯೆಯನ್ನು ಸ್ವಲ್ಪ ಜಾಸ್ತಿ ಮಾಡಿ. ನಾಲ್ಕೈದು ಗುಂಪು ಒಂದಾದ ಮೇಲೊಂದು ಅಳೆಯಲಿ, ಬಂದ ಅಂಕಿಗಳನ್ನೆಲ್ಲ ಅಳಿಸದೆ ಬೋರ್ಡ್ ಮೇಲೆ ಬರೆಯಿರಿ. ಒಂದು ಗುಂಪಿಗೆ 320, ಇನ್ನೊಂದಕ್ಕೆ 370 ಬರುತ್ತದೆ. ಟೇಪನ್ನು ಫೋನಿನ ಯಾವ ತುದಿಯಿಂದ ಹಿಡಿದಿರಿ, ಚಪ್ಪಾಳೆ ತಟ್ಟುವಾಗ ಎಲ್ಲಿ ನಿಂತಿದ್ದಿರಿ ಅಂತ ಅವರವರೇ ಜಗಳಕ್ಕೆ ನಿಲ್ಲುತ್ತಾರೆ. ಆ ಜಗಳಕ್ಕೆ ಅಂತ ಪೀರಿಯಡ್‌ನಲ್ಲಿ ಹತ್ತು ನಿಮಿಷ ಮೊದಲೇ ಎತ್ತಿಟ್ಟುಕೊಳ್ಳಿ.