ಆಫ್‌ಸೈಡ್ ಬಿಡು, ಹಾಡು ಕಲಿ

ತಮ್ಮಾ,

ಮ್ಯಾಂಚೆಸ್ಟರಿಗೆ ಬಂದು ಆರು ವಾರ ಆಯಿತು, ಸೋಮವಾರ ಬೆಳಗ್ಗೆ ಆಫೀಸಿನಲ್ಲಿ ಎಲ್ಲರೂ ಫುಟ್‌ಬಾಲ್ ಮಾತಾಡುವಾಗ ನಾನೊಬ್ಬನೇ ಕಾಫಿ ಕಪ್ ತಿರುಗಿಸುತ್ತಾ ಕೂತಿರುತ್ತೇನೆ, ಆಟದ ನಿಯಮ ಕಲಿಯಲೇಬೇಕಾ ಅಂತ ಕೇಳಿದ್ದೀಯ. ಅಕ್ಕಾ ಅಂತ ಕರೆದಿದ್ದೀಯಲ್ಲ, ಏಕವಚನದಲ್ಲೇ ಹೇಳುತ್ತೇನೆ.

ನಿಯಮ ಬಿಡು. ಆಫ್‌ಸೈಡ್ ಅಂದರೆ ಏನು ಅಂತ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಇಲ್ಲಿನವರಿಗೆ ಫುಟ್‌ಬಾಲ್ ಅರ್ಧ ಆಟ, ಇನ್ನರ್ಧ ಹಳೇ ನೆನಪು, ಹಾಡು. ನೀನು ಆ ಬಾಗಿಲಿಂದ ಒಳಗೆ ಹೋಗು.

ನಾನು ಬಂದಿದ್ದು 2001ರಲ್ಲಿ. ಮಾಸ್ ಸೈಡ್ ಅನ್ನುವ ಬಡಾವಣೆಯಲ್ಲಿ ಒಂದು ರೂಮ್ ಹಿಡಿದಿದ್ದೆ. ಬಾಡಿಗೆ ಕಡಿಮೆ, ನಡೆದು ಹೋದರೆ ನಮ್ಮ ಕಡೆಯ ಅಂಗಡಿ, ಹೋಟೆಲುಗಳ ಬೀದಿ ಕರಿ ಮೈಲ್‌ನಲ್ಲಿ ತೊಗರಿಬೇಳೆ ಸಿಗುತ್ತಿತ್ತು. ಎರಡು ಬೀದಿ ಆಚೆ ಮ್ಯಾಂಚೆಸ್ಟರ್ ಸಿಟಿ ತಂಡದ ಹಳೇ ಸ್ಟೇಡಿಯಂ, ಅದರ ಹೆಸರೇ 'ಮೈನ್ ರೋಡ್'. ಶನಿವಾರ ಮಧ್ಯಾಹ್ನ ಒಗ್ಗರಣೆಗೆ ಇಟ್ಟಿದ್ದೆ. ಸಾಸಿವೆ ಸಿಡಿಯುವ ಹೊತ್ತಿಗೆ ಹೋ ಅಂತ ಕೂಗು, ಕಿಟಕಿ ಗಾಜೆಲ್ಲ ಅದುರಿತು. ಗಲಾಟೆ ಆಗಿದೆ ಅಂದುಕೊಂಡು ಒಲೆ ಆರಿಸಿ ಬಾಗಿಲಿಗೆ ಚಿಲಕ ಹಾಕಿಕೊಂಡೆ. ಗೋಲ್ ಆಗಿತ್ತಷ್ಟೆ!

ಆಮೇಲೆ ನಿಧಾನಕ್ಕೆ ಒಂದು ಹಾಡು ಶುರುವಾಯಿತು. 'ಬ್ಲೂ ಮೂನ್'. ಜೊತೆಗೆ ಯಾರೂ ಇಲ್ಲದೆ ಒಬ್ಬನೇ ನಿಂತವನ ಹಾಡು ಅದು. ಅದನ್ನು ಸಾವಿರಾರು ಜನ ಒಟ್ಟಿಗೆ ಹಾಡುತ್ತಾರೆ, ತಮಾಷೆ ಅಲ್ವಾ? ಊರು ಬಿಟ್ಟು ಮೂರು ವಾರವಾಗಿದ್ದ ನನಗೆ ಅವತ್ತು ತಮಾಷೆ ಅನಿಸಿರಲಿಲ್ಲ ಬಿಡು.

ಆಫೀಸಿನಲ್ಲಿ ಹೇಳೋಕೆ ಒಂದು ವಿಷಯ ಕೊಡುತ್ತೇನೆ. ಆ ಹಾಡು ಇಲ್ಲಿಯದ್ದೇ ಅಲ್ಲ. 1934ರದ್ದು, ರಾಗ ಹಾಕಿದವನು ಅಮೆರಿಕದ ರಿಚರ್ಡ್ ರಾಜರ್ಸ್. ಲಿವರ್‌ಪೂಲ್‌ನವರು ಕಣ್ಣೀರು ಹಾಕಿಕೊಂಡು ಹಾಡುವ 'ಯು ವಿಲ್ ನೆವರ್ ವಾಕ್ ಅಲೋನ್' ಕೂಡ ಅವನದ್ದೇ, 1945ರ ಸಂಗೀತ ನಾಟಕದ್ದು. 1963ರಲ್ಲಿ ಅವರ ಊರಿನ ಜೆರ್ರಿ ಅಂಡ್ ದ ಪೇಸ್‌ಮೇಕರ್ಸ್ ಬ್ಯಾಂಡಿನವರು ಅದನ್ನು ಹಾಡಿದರು, ಸ್ಟೇಡಿಯಂನ ಜನ ಅದನ್ನೇ ಹಿಡಿದುಕೊಂಡರು. ಮುಖ ಕೊಟ್ಟು ಮಾತಾಡದ ಎರಡು ಗುಂಪು, ಇಬ್ಬರಿಗೂ ರಾಗ ಒಬ್ಬನದ್ದೇ. ಇದನ್ನು ಹೇಳಿ ಸುಮ್ನೆ ಮುಖ ನೋಡು.

ಹಾಡು ಸ್ಟೇಡಿಯಂಗೆ ಬಂದ ಹಾಗೆ, ಹಾಡುವವರೂ ಸ್ಟೇಡಿಯಂಗೆ ಬರುತ್ತಾರೆ. ಒಯಾಸಿಸ್ ಬ್ಯಾಂಡಿನ ಗ್ಯಾಲಗರ್ ಅಣ್ಣತಮ್ಮಂದಿರು ಸಿಟಿ ಅಭಿಮಾನಿಗಳು. 1996ರ ಏಪ್ರಿಲ್‌ನಲ್ಲಿ ಇದೇ ಮೈನ್ ರೋಡ್‌ನಲ್ಲಿ ಎರಡು ರಾತ್ರಿ ಹಾಡಿದ್ದರು. ನಮ್ಮ ಓನರ್ ಆಂಟಿ ಅದರ ಟಿಕೆಟ್ ಚೂರನ್ನು ಫ್ರಿಜ್ ಮೇಲೆ ಅಂಟಿಸಿದ್ದರು.

2003ರ ಮೇನಲ್ಲಿ ಅಲ್ಲಿ ಕೊನೆಯ ಪಂದ್ಯ. ಸೌತಾಂಪ್ಟನ್ ಎದುರು 0-1, ಸೋಲು. "ಬೇರೆ ಏನು ಆಗುತ್ತೆ ನಮಗೆ," ಅಂದರು ಆಂಟಿ. ಮಾರನೇ ವರ್ಷ ಒಡೆದು ಹಾಕಿದರು, ಆಮೇಲೆ ಮನೆಗಳೆದ್ದವು. ಒಂದು ದಿನ ಆಂಟಿ ನನ್ನನ್ನು ಕರೆದುಕೊಂಡು ಹೋಗಿ ಫುಟ್‌ಪಾತ್ ಮೇಲೆ ನಿಂತು, ಇಲ್ಲಿ ನಾನು ಕೂರುತ್ತಿದ್ದೆ, ಅಲ್ಲಿ ಅಪ್ಪ ನಿಲ್ಲುತ್ತಿದ್ದರು ಅಂತ ಕೈ ತೋರಿಸಿದರು. ಊರಿನ ಮನೆ ಮಾರಿದ ಮೇಲೆ ನಮ್ಮಪ್ಪ ಆ ಖಾಲಿ ಸೈಟಿನಲ್ಲಿ ನಿಂತು, ಇಲ್ಲಿ ಬಚ್ಚಲಿತ್ತು, ಇಲ್ಲಿ ತುಳಸಿಕಟ್ಟೆ ಅಂದಿದ್ದು ಹೀಗೇ.

ಅಲ್ಲೊಂದು ರಸ್ತೆಗೆ ಟ್ರೌಟ್‌ಮನ್ ಹೆಸರಿದೆ. ಜರ್ಮನ್ ಸೈನಿಕ, ಯುದ್ಧಕೈದಿಯಾಗಿ ಬಂದು ಇಲ್ಲೇ ಉಳಿದವನು. 1949ರಲ್ಲಿ ಸಿಟಿ ಅವನನ್ನು ಗೋಲ್‌ಕೀಪರ್ ಆಗಿ ತೆಗೆದುಕೊಂಡಾಗ ಸಾವಿರಾರು ಜನ ವಿರೋಧಿಸಿ ಬೀದಿಗಿಳಿದಿದ್ದರು. 1956ರಲ್ಲಿ ಇಂಗ್ಲೆಂಡಿನ ದೊಡ್ಡ ಪಂದ್ಯಾವಳಿ ಎಫ್‌ಎ ಕಪ್‌ನ ಫೈನಲ್‌ನಲ್ಲಿ ಎದುರಾಳಿಗೆ ಡಿಕ್ಕಿಯಾಗಿ ಬಿದ್ದ. ಎದ್ದು, ಕತ್ತು ಹಿಡಿದುಕೊಂಡೇ ಕೊನೆಯ ಹದಿನೇಳು ನಿಮಿಷ ಗೋಲ್ ಕಾದ, ತಂಡ ಗೆದ್ದಿತು. ಕತ್ತಿನ ಮೂಳೆ ಮುರಿದಿದೆ ಅಂತ ಗೊತ್ತಾಗಿದ್ದು ಆಮೇಲೆ ಎಕ್ಸ್‌ರೇ ತೆಗೆದಾಗ. ಆಂಟಿ ಈ ಕಥೆಯನ್ನು ನನಗೆ ಕಡಿಮೆ ಅಂದರೂ ಹತ್ತು ಸಲ ಹೇಳಿದ್ದಾರೆ.

ನಿಮ್ಮ ಆಫೀಸಿನಲ್ಲಿ ಎಲ್ಲರಿಗಿಂತ ಹಿರಿಯರು ಯಾರಿದ್ದಾರೆ ನೋಡು. ಮೊದಲು ಅವರದ್ದು ಸಿಟಿಯಾ, ಊರಿನ ಇನ್ನೊಂದು ತಂಡ ಯುನೈಟೆಡ್ಡಾ ಅಂತ ತಿಳಿದುಕೊ. ಅದು ತಪ್ಪಿದರೆ ಕೆಲಸ ಕೆಟ್ಟಿತು. ಆಮೇಲೆ, ಚಿಕ್ಕವರಿದ್ದಾಗ ಯಾರ ಜೊತೆ ಮ್ಯಾಚಿಗೆ ಹೋಗುತ್ತಿದ್ದಿರಿ ಅಂತ ಕೇಳು. ಅರ್ಧ ಗಂಟೆ ನೀನು ಬಾಯಿ ತೆರೆಯಬೇಕಾಗಿಲ್ಲ.

ಮ್ಯಾಚಿಗೆ ಕರೆದರೆ ಹೋಗು, ಕರೆದವರು ಸಿಟಿಯವರಾದರೆ ಕೆಂಪು ಜಾಕೆಟ್ ಮಾತ್ರ ಮನೆಯಲ್ಲೇ ಇರಲಿ, ಅದು ಯುನೈಟೆಡ್ ಬಣ್ಣ. ಅಂದ ಹಾಗೆ, ನೀನು ಸಸ್ಯಾಹಾರಿ ಅಂದಿದ್ದೆ. ಮಧ್ಯಂತರದಲ್ಲಿ ಚಳಿಗೆ ಬಿಸಿ ಬಿಸಿ ಬಾವ್ರಿಲ್ ಕೊಡುತ್ತಾರೆ. ಚಹಾ ಅಂದುಕೊಂಡು ಕುಡಿದುಬಿಡಬೇಡ, ಅದು ದನದ ಮಾಂಸದ ಸಾರು. ನನಗೆ ಯಾರೂ ಹೇಳಿರಲಿಲ್ಲ.