ಹಿಮ ಕರಗಿದ ಮೇಲೇ ಚಿನ್ನ ಯಾಕೆ?

ಪ್ರಶ್ನೆ: ಕೆನಡಾದ ಕ್ಲಾಂಡೈಕ್‌ನಲ್ಲಿ ಚಳಿಗಾಲವಿಡೀ ಅಗೆದವರು ಚಿನ್ನ ತೆಗೆಯುತ್ತಿದ್ದುದು ಮಾತ್ರ ವಸಂತದಲ್ಲಂತೆ. ಯಾಕೆ? ಅಲ್ಲಿವರೆಗೆ ಊಟಕ್ಕೇನು?
– ಓದುಗರೊಬ್ಬರು, ಗದಗ

ಉತ್ತರ: ನೀರಿಗಾಗಿ, ಅಷ್ಟೇ. 1896ರಲ್ಲಿ ಅಲ್ಲಿನ ಬೊನಾಂಜಾ ಹಳ್ಳದಲ್ಲಿ ಚಿನ್ನ ಸಿಕ್ಕಿತು. ಆದರೆ ನೆಲ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ರಾತ್ರಿ ಬೆಂಕಿ ಹಾಕಿ, ಬೆಳಿಗ್ಗೆ ಕರಗಿದಷ್ಟು ಮಣ್ಣು ತೋಡಿ, ಮತ್ತೆ ಬೆಂಕಿ ಹಾಕಿ, ಹೀಗೇ ತಳದ ಬಂಡೆವರೆಗೆ ಇಳಿದು, ಗರಸನ್ನು ರಾಟೆಯಲ್ಲಿ ಮೇಲೆತ್ತಿ ಗುಡ್ಡೆ ಹಾಕುತ್ತಿದ್ದರು. ಹಳ್ಳ ಹರಿದ ಮೇಲೆ ತೊಳೆಯುವ ಕೆಲಸ. ಅಡ್ಡಪಟ್ಟಿ ಹೊಡೆದ ಮರದ ಕಾಲುವೆಗೆ ಗರಸು ಸುರಿದು ನೀರು ಬಿಟ್ಟರೆ ಮರಳು ಕೊಚ್ಚಿಹೋಗುತ್ತದೆ, ಚಿನ್ನ ಪಟ್ಟಿಗಳ ಹಿಂದೆ ಕೂರುತ್ತದೆ. ನೀರಿಗಿಂತ ಸುಮಾರು 19 ಪಟ್ಟು ಭಾರ ಅಲ್ವಾ! ಜೊತೆಗೆ ಉಳಿಯುವ ಕಪ್ಪು ಮರಳನ್ನು ಒಣಗಿಸಿ ಅಯಸ್ಕಾಂತ ಹಿಡಿದರೆ, ಅದರಲ್ಲಿನ ಕಬ್ಬಿಣದ ಅದಿರು ಅಂಟಿಕೊಂಡು ಬರುತ್ತದೆ. ನಿಮ್ಮ ಕಪ್ಪತಗುಡ್ಡದ ಹಳ್ಳಗಳಲ್ಲೂ ಜಾಲಗಾರರು ಹಿಂದೆ ಮರಳು ತೊಳೆದೇ ಚಿನ್ನ ತೆಗೆಯುತ್ತಿದ್ದರು.

ಊಟದ ವಿಷಯ. ಸುಮ್ನೆ ಕೈಬೀಸಿಕೊಂಡು ಬಂದವರನ್ನು ಪೊಲೀಸರು ಗಡಿ ದಾಟಲು ಬಿಡುತ್ತಿರಲಿಲ್ಲ. ಒಂದು ವರ್ಷದ ದಿನಸಿ ಇರಲೇಬೇಕಿತ್ತು. ಸಲಕರಣೆ ಸೇರಿ ಹತ್ತಿರಹತ್ತಿರ ಒಂದು ಟನ್! ಹಿಟ್ಟು, ಬೀನ್ಸ್, ಉಪ್ಪು ಹಾಕಿದ ಹಂದಿಮಾಂಸವೇ ಜಾಸ್ತಿ. ತಾಜಾ ತರಕಾರಿ ಇಲ್ಲದೆ ಎಷ್ಟೋ ಜನಕ್ಕೆ ಸ್ಕರ್ವಿ ಬಂದು ಒಸಡಲ್ಲಿ ರಕ್ತ ಸೋರುತ್ತಿತ್ತು.

ಪ್ರಶ್ನೆ: ಪಕ್ಕದ ಅಲಾಸ್ಕಾದಲ್ಲಿ ಸರ್ಕಾರಿ ಜಮೀನು ಪುಕ್ಕಟೆ ಸಿಗುತ್ತಂತೆ, ಹೋಗಿ ಹೊಲ ಮಾಡಿಕೊಂಡು ಇರಬಹುದಾ?
– ಇನ್ನೊಬ್ಬರು, ಸಾಗರ

ಉತ್ತರ: ತಡ ಮಾಡಿದಿರಿ. ಅಮೆರಿಕದ 1862ರ ಕಾನೂನು ಮನೆ ಕಟ್ಟಿ, ಉಳುಮೆ ಮಾಡಿ, ಐದು ವರ್ಷ ಅಲ್ಲೇ ಇದ್ದವರಿಗೆ 160 ಎಕರೆವರೆಗೆ ಕೊಡುತ್ತಿತ್ತು. ಅಲಾಸ್ಕಾದಲ್ಲಿ ಅದು 1986ರಲ್ಲೇ ನಿಂತಿದೆ.