ಒಬ್ಬರೇ ಹಾಡಲು ನಿಂತಾಗ

ಜಯನಗರದ ಓದುಗರೊಬ್ಬರು ಬರೆದಿದ್ದಾರೆ: ‘ನನ್ನ ಮಗಳು ಪಿಯುಸಿ. ಕೊರಿಯಾದ ನಾಲ್ವರು ಹುಡುಗಿಯರ ಹಾಡಿನ ಗುಂಪು ಬ್ಲ್ಯಾಕ್‌ಪಿಂಕ್ ಅಂದರೆ ಪ್ರಾಣ. ಆ ನಾಲ್ವರಲ್ಲಿ ಒಬ್ಬಳಾದ ರೋಸೆ ಬೇರೆ ಕಂಪನಿಗೆ ಹೋಗಿ ಒಬ್ಬಳೇ ಹಾಡಲು ಶುರು ಮಾಡಿದಾಗಿನಿಂದ ಬೇಜಾರು ಮಾಡಿಕೊಂಡಿದ್ದಾಳೆ. ಹೆಸರು ಕೊಟ್ಟ ಗುಂಪನ್ನೇ ಬಿಡುವುದು ಸ್ವಾರ್ಥ ಅಲ್ವಾ ಅಮ್ಮ ಅಂತ ಕೇಳುತ್ತಾಳೆ. ಏನು ಹೇಳಲಿ?’

ನಿಮ್ಮ ಮಗಳ ಬೇಜಾರು ಸಣ್ಣದಲ್ಲ. ನಾಲ್ಕು ಜನರನ್ನು ಒಟ್ಟಿಗೇ ಪ್ರೀತಿಸಿದವಳಿಗೆ ಒಬ್ಬರು ಬೇರೆ ನಿಂತರೆ ಮನೆಯಲ್ಲಿ ಪಾಲಾದ ಹಾಗೆ ಅನಿಸುತ್ತದೆ. ಆದರೆ ರೋಸೆ ಗುಂಪು ಬಿಟ್ಟಿಲ್ಲ, ಅದನ್ನು ಮೊದಲು ಹೇಳಿಬಿಡಿ. ಕೊರಿಯಾದಲ್ಲಿ ಗಾಯಕರ ಕರಾರು ಸಾಮಾನ್ಯವಾಗಿ ಏಳು ವರ್ಷದ್ದು. ಬ್ಲ್ಯಾಕ್‌ಪಿಂಕ್ ಶುರುವಾಗಿದ್ದು 2016ರಲ್ಲಿ. 2023ರ ಕೊನೆಗೆ ನಾಲ್ವರೂ ಗುಂಪಿನ ಕೆಲಸಕ್ಕೆ ಹಳೆಯ ಕಂಪನಿಯಲ್ಲೇ ಮತ್ತೆ ಸಹಿ ಹಾಕಿದರು. ಸ್ವಂತ ಹಾಡುಗಳಿಗೆ ಮಾತ್ರ ಬೇರೆ ಬೇರೆ ದಾರಿ ಹಿಡಿದರು. 2025ರ ಜುಲೈನಲ್ಲಿ ನಾಲ್ವರೂ ಒಟ್ಟಿಗೇ ವೇದಿಕೆ ಹತ್ತಿದರು.

ಹಾಗಾದರೆ ಒಬ್ಬರೇ ಯಾಕೆ ಹಾಡಬೇಕು? ಇದಕ್ಕೆ ನನ್ನದೇ ಅನುಭವ ಹೇಳುತ್ತೇನೆ.

ಕಾಲೇಜಿನ ದಿನಗಳಲ್ಲಿ ಚಾಮರಾಜಪೇಟೆಯ ಗಣೇಶೋತ್ಸವಗಳಲ್ಲಿ ನಾವು ಎಂಟು ಜನ ಭಾವಗೀತೆ ಹಾಡುತ್ತಿದ್ದೆವು. ಒಂದು ಹಾರ್ಮೋನಿಯಂ, ಎರಡು ಮೈಕ್. ಉದ್ದದ ಸಾಲು ಬಂದರೆ ನಡುವೆ ಸುಮ್ನೆ ಉಸಿರು ಎಳೆದುಕೊಳ್ಳುತ್ತಿದ್ದೆ. ಪಕ್ಕದವರು ಸಾಲನ್ನು ಹಿಡಿದಿರುತ್ತಿದ್ದರು, ಕೇಳುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ಒಂದು ಸಂಜೆ ಅದೇ ಹಾಡನ್ನು ನಾನೊಬ್ಬಳೇ ಹಾಡಬೇಕಾಗಿ ಬಂತು. ಎರಡನೇ ಚರಣದಲ್ಲಿ ಉಸಿರು ಮುಗಿಯಿತು. ಕೊನೆಯ ಎರಡು ಅಕ್ಷರ ಬಾಯಿಂದ ಬರಲೇ ಇಲ್ಲ, ಹಾರ್ಮೋನಿಯಂ ಮಾತ್ರ ಮುಂದೆ ಹೋಯಿತು. ಮನೆಗೆ ಬಂದವಳೇ ಹಾಡಿನ ಪುಸ್ತಕ ತೆಗೆದು, ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತಾ ಕೂತೆ. ಮೂರು ವರ್ಷ ಹಾಡಿದ ಹಾಡು ಅದು. ಅದರ ಸಾಲುಗಳನ್ನು ಅವತ್ತೇ ಸರಿಯಾಗಿ ನೋಡಿದ್ದು.

ನಾಲ್ಕು ಜನರ ಗುಂಪಿನಲ್ಲಿ ಮೂರು ನಿಮಿಷದ ಹಾಡು ಹಂಚಿಹೋಗುತ್ತದೆ. ಒಬ್ಬರಿಗೆ ರ್‍ಯಾಪ್, ಒಬ್ಬರಿಗೆ ಎತ್ತರದ ಸಾಲು. ಏಳೆಂಟು ವರ್ಷ ಹಾಗೆ ಹಾಡಿದವರಿಗೆ ಪೂರ್ತಿ ಹಾಡನ್ನು ತಾವೇ ಹೊರಬೇಕು ಅನಿಸಿದರೆ ಅದು ಸ್ವಾರ್ಥ ಅಲ್ಲ, ಹಸಿವು. 2024ರ ಅಕ್ಟೋಬರ್‌ನಲ್ಲಿ ಬಂದ ರೋಸೆಯ ‘ಆಪಟ್’ ಹಾಡು ಎಲ್ಲರ ಬಾಯಲ್ಲೂ ಕುಣಿಯಿತು, ನಿಜ. ಆದರೆ ಅಲ್ಲಿ ಜೊತೆಗೆ ಅಮೆರಿಕದ ಗಾಯಕ ಬ್ರೂನೋ ಮಾರ್ಸ್ ಇದ್ದಾರೆ. ರೋಸೆಯ ದನಿ ಏನು ಅಂತ ನನಗೆ ತಿಳಿದದ್ದು ಡಿಸೆಂಬರ್‌ನಲ್ಲಿ ಬಂದ ‘ರೋಸಿ’ ಆಲ್ಬಂನ ನಿಧಾನದ ಹಾಡುಗಳಲ್ಲಿ.

ನಮ್ಮ ಊರಿನಲ್ಲೂ ಇದು ಹೊಸದಲ್ಲ. ರಘು ದೀಕ್ಷಿತ್ ‘ಅಂತರಾಗ್ನಿ’ ತಂಡದಲ್ಲಿದ್ದವರು. ಆ ತಂಡ ಉಳಿಯಲಿಲ್ಲ. 2008ರಲ್ಲಿ ತಮ್ಮ ಹೆಸರಿನ ಪ್ರಾಜೆಕ್ಟ್‌ನಿಂದ ಮೊದಲ ಆಲ್ಬಂ ತಂದಾಗ, ಹಳೆಯ ತಂಡದ ಹೆಸರನ್ನು ಅದರ ಮೇಲೇ ಇಟ್ಟುಕೊಂಡರು. ಶಿಶುನಾಳ ಷರೀಫರ ಪದಗಳು ಆ ದನಿಯಲ್ಲಿ ಎಷ್ಟೋ ಹುಡುಗರ ಕಿವಿಗೆ ಮೊದಲ ಸಲ ಬಿದ್ದವು. ಆ ಹೆಸರು ಉಳಿಸಿಕೊಂಡದ್ದು ನನಗೆ ತುಂಬಾ ಇಷ್ಟ.

ಮಗಳ ಜೊತೆ ಒಂದು ಸಂಜೆ ಕೂತುಕೊಳ್ಳಿ. ಇಯರ್‌ಫೋನ್ ಒಂದು ಕಿವಿಗೆ ಅವಳಿಗೆ, ಇನ್ನೊಂದು ನಿಮಗೆ. ಮೊದಲು ಗುಂಪಿನ ಯಾವುದಾದರೂ ಹಾಡು, ಆಮೇಲೆ ‘ರೋಸಿ’ ಆಲ್ಬಂನ ‘ನಂಬರ್ ಒನ್ ಗರ್ಲ್’. ರೋಸೆ ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅಂತ ಗಮನಿಸಲು ಹೇಳಿ. ಅವಳು ಏನಂದಳು ಅಂತ ನನಗೂ ಬರೆಯಿರಿ.

— ಸಂಪಾದಕಿ